ಚಹಾಪುಡಿಗೆ ಹೋದ ಮೂರು ಪಿಸ್ತೂಲುಗಳು

ದೋಹಾದಲ್ಲಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಚಹಾಪುಡಿ ತರಲು ಹೋದ ಮೂವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡದ್ದು ಮಾತ್ರವಲ್ಲ, ಅವರ ಹಿಂದೆಯೇ ನಡೆದು ಹೋಗಿದ್ದೇನೆ. ಮೂವರ ಪೈಕಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವರು ಹೋದ ತಿಂಗಳು ನಮ್ಮನ್ನೆಲ್ಲ ಬಿಟ್ಟು ಹೋದರು. ಯಾರೂ ಕಣ್ಣೊರೆಸಿಕೊಳ್ಳಬೇಕಾಗಿಲ್ಲ, ಗಟ್ಟಿಮುಟ್ಟಾಗಿದ್ದಾರೆ. ಅರವತ್ತಾಯಿತು, ಕಂಪನಿ ಇನ್ನು ಊರಿಗೆ ಹೋಗು ಎಂದು ಫೈನಲ್ ಎಕ್ಸಿಟ್ ಹೊಡೆಯಿತು. ನಲವತ್ತು ಕಿಲೋ ಲಗೇಜಿನಲ್ಲಿ ಮೂವತ್ತೊಂಬತ್ತು ಕಿಲೋ ಉಳಿ ಸುತ್ತಿಗೆ ತುಂಬಿಕೊಂಡು, ಉಳಿದ ಒಂದು ಕಿಲೋದಲ್ಲಿ ಬಟ್ಟೆ ತುರುಕಿಕೊಂಡು ಮಂಗಳೂರಿನ ವಿಮಾನ ಹತ್ತಿದರು.

ಎಲ್ಲರೂ ಅವರನ್ನು ಡೈರೆಕ್ಟ್ರು ಎನ್ನುತ್ತಿದ್ದರು. ನಾಲ್ಕು ವರ್ಷ ಅವರ ಕೈಕೆಳಗೆ ದುಡಿದರೂ ಅವರ ನಿಜವಾದ ಹೆಸರು ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಪೊಲೀಸ್ ಠಾಣೆಯಲ್ಲಿ. ಕೇಳಿದಾಗ ಬೇಸರವಾಯಿತು. ಅಷ್ಟು ದೊಡ್ಡ ಮೀಸೆಗೆ ಸ್ವಲ್ಪವೂ ಒಪ್ಪದ ಹೆಸರು. ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಮೀಸೆಯ ವಿಷಯ ಬಂದದ್ದರಿಂದ ಹೇಳುತ್ತೇನೆ. ಡೈರೆಕ್ಟ್ರು ಕೋಣೆಗೆ ಬರುವ ಎರಡು ನಿಮಿಷ ಮೊದಲೇ ಮೀಸೆ ಬಂದು ಕುಳಿತಿರುತ್ತಿತ್ತು. ಎತ್ತರ ಐದಡಿ ಎರಡು ಇಂಚು. ಅವರನ್ನು ಕೇಳಿದರೆ ಐದಡಿ ಎಂಟು ಎನ್ನುತ್ತಿದ್ದರು, ಏಕೆಂದರೆ ವೇದಿಕೆಯ ಎತ್ತರವನ್ನೂ ತಮ್ಮ ಖಾತೆಗೇ ಹಾಕಿಕೊಳ್ಳುತ್ತಿದ್ದರು. ಇನ್ನು ಧ್ವನಿ. ಅಲ್ ರಯ್ಯಾನಿನ ನಮ್ಮ ವಿಲ್ಲಾದ ಗ್ಯಾರೇಜಿನಲ್ಲಿ ನಿಂತು ಅವರು ಯಾರದಾದರೂ ಕಿವಿಯಲ್ಲಿ ಗುಟ್ಟು ಹೇಳಿದರೆ ಸೌದಿ ಗಡಿಯಲ್ಲಿ ಮಲಗಿದ ಒಂಟೆಗಳು ಎದ್ದು ನಿಲ್ಲುತ್ತಿದ್ದವು.

ವಾರಕ್ಕೆ ಆರು ದಿನ ಅವರು ಇಂಡಸ್ಟ್ರಿಯಲ್ ಏರಿಯಾದ ಒಂದು ಮರದ ಕಾರ್ಖಾನೆಯಲ್ಲಿ ಬಾಗಿಲು ಮಾಡುವ ಬಡಗಿ. ಬರ್ವಾ ಅಲ್ ಬರಾಹಾ ಎಂಬ ಕಾರ್ಮಿಕರ ವಸತಿಯಲ್ಲಿ ಇನ್ನು ಮೂವರ ಜೊತೆ ಒಂದು ಕೋಣೆ. ಶುಕ್ರವಾರ ಮಾತ್ರ ಡೈರೆಕ್ಟರ್. ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ ನಮ್ಮ ಕರಾವಳಿಯವರು ಆಡುವ ನಾಟಕ ಅವರದೇ. ಬರೆಯುವುದು ಅವರು, ಆಡಿಸುವುದು ಅವರು, ಪರದೆಯ ಹಿಂದಿನ ಮರದ ಕೆಲಸವೂ ಅವರದೇ, ಮುಖ್ಯ ಪಾತ್ರವೂ ಹೇಗೋ ಪ್ರತಿ ವರ್ಷ ಅವರಿಗೇ ಬರುತ್ತಿತ್ತು. ಆಗಸ್ಟ್‌ನಿಂದ ನವೆಂಬರ್‌ವರೆಗೆ ನಮ್ಮ ಗ್ಯಾರೇಜಿನಲ್ಲಿ ರಿಹರ್ಸಲ್. ಆ ನಾಲ್ಕು ತಿಂಗಳು ಅಪ್ಪನ ಕಾರು ಹೊರಗೆ ಬಿಸಿಲಲ್ಲಿ ನಿಂತು ಹಪ್ಪಳವಾಗುತ್ತಿತ್ತು.

ಅವರು ನಿರ್ದೇಶನ ಮಾಡುತ್ತಿದ್ದದ್ದು ಅಳತೆಯ ಟೇಪಿನಿಂದ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ಈ ಒಂದು ವಿಷಯದಲ್ಲಿ ಅದರ ಅಗತ್ಯವೇ ಇಲ್ಲ. ನಾಯಕ ನಾಯಕಿಯ ಹತ್ತಿರ ಎಷ್ಟು ಬರಬೇಕು ಎಂದರೆ ಟೇಪು ಎಳೆದು ತೋರಿಸುತ್ತಿದ್ದರು. ಪ್ರೀತಿಗೆ ಒಂದಡಿ ಎಂಟು ಇಂಚು, ಜಗಳಕ್ಕೆ ಒಂಬತ್ತು ಇಂಚು, ಸಂಸಾರಕ್ಕೆ ನಾಲ್ಕಡಿ. ಒಮ್ಮೆ ವಿನ್ಸಿ ಅಂಕಲ್ ತಾಯಿ ಸತ್ತ ದೃಶ್ಯದಲ್ಲಿ ಹೃದಯ ಬಿರಿಯುವಂತೆ ಅತ್ತರು. ನಮ್ಮ ಅಮ್ಮನೂ ಮೂಗು ಒರೆಸಿಕೊಂಡರು. ಡೈರೆಕ್ಟ್ರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗಾಳಿಯಲ್ಲಿ ಒಂದು ಗೆರೆ ಎಳೆದರು.

"ಒಳ್ಳೆದುಂಟು. ಆದ್ರೆ ಮೇಲಿಂದ ಅರ್ಧ ಇಂಚು ಕೆರೆದು ತೆಗಿ."

"ಎಂತದ್ದು ತೆಗೀಬೇಕು?"

"ಅಳುವನ್ನು. ಫ್ರೇಮಿಗೆ ತಾಗ್ತಾ ಉಂಟು."

ವಿನ್ಸಿ ಅಂಕಲ್ ಹಮದ್ ಬಂದರಿನಲ್ಲಿ ದಾಖಲೆಪತ್ರ ನೋಡುವ ಗುಮಾಸ್ತರು, ಉಡುಪಿ ಕಡೆಯವರು, ಎಲ್ಲದಕ್ಕೂ ಒಂದು ಸಹಿ ಬೇಕು ಎಂಬ ಸ್ವಭಾವ. "ಅರ್ಧ ಇಂಚು ಅಂತ ಬರ್ದು ಕೊಡಿ, ಆಮೇಲೆ ಕಮ್ಮಿ ಆಯ್ತು ಅಂತ ಹೇಳ್ಬೇಡಿ," ಎಂದರು. ಡೈರೆಕ್ಟ್ರು ನಿಜವಾಗಿಯೂ ಬರೆದುಕೊಟ್ಟರು.

ನಾನು ಅವರ ಕೈಗೆ ಸಿಕ್ಕಿದ್ದು ಹದಿಮೂರನೇ ವಯಸ್ಸಿನಲ್ಲಿ. ನಾಯಕಿಯ ತಂಗಿಯ ಪಾತ್ರ ಕೇಳಿದ್ದೆ. ಒಂದು ಸಲ ಓದಿಸಿದರು. ನನ್ನದು ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಕನ್ನಡವೆಂದರೆ ಅಜ್ಜಿಯ ಫೋನು. ನಾನು ಒಂದು ವಾಕ್ಯ ಓದಿ ಮುಗಿಸುವಷ್ಟರಲ್ಲಿ ಇಬ್ಬರು ಹೋಗಿ ಶವರ್ಮಾ ತಿಂದು ಬಂದಿದ್ದರು. ಡೈರೆಕ್ಟ್ರು ನನ್ನ ತಲೆಯ ಮೇಲೆ ಕೈಯಿಟ್ಟರು.

"ಮಗಾ, ನೀನು ಬಾಗಿಲಾಗುದಿಲ್ಲ. ಬಿಜಾಗರಿ ಆಗು."

"ಅಂದ್ರೆ?"

"ಪ್ರಾಂಪ್ಟರ್. ಮೂಲೆಯಲ್ಲಿ ಕೂತು ಮರೆತವರಿಗೆ ಹೇಳಿ ಕೊಡುದು. ಬಾಗಿಲನ್ನು ಎಲ್ಲರೂ ನೋಡ್ತಾರೆ, ಬಿಜಾಗರಿಯನ್ನು ಯಾರೂ ನೋಡುದಿಲ್ಲ. ಆದ್ರೆ ಅದು ಕಿರುಗುಟ್ಟಿದ್ರೆ ಇಡೀ ಮನೆಗೆ ಕೇಳ್ತದೆ."

ಹೊಗಳಿದರೋ ಬೈದರೋ ಎಂದು ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು. ಅಷ್ಟರಲ್ಲಿ ಓದಲು ಕಲಿತಿದ್ದೆ. ಬಾಗಿಲಿನ ಅಳತೆ ಬರೆದ ಹಾಳೆಗಳ ಹಿಂಬದಿಯಲ್ಲಿ ಅವರು ಪೆನ್ಸಿಲಿನಿಂದ ನಾಟಕ ಬರೆಯುತ್ತಿದ್ದರು. ಅದನ್ನು ನೂರು ಸಲ ಓದಿ ಓದಿ ನನ್ನ ಕನ್ನಡ ಬಂದದ್ದು. ಹಾಗಾಗಿ ಇವತ್ತಿಗೂ ಅಜ್ಜಿ ಫೋನಿನಲ್ಲಿ ಊಟವಾಯಿತಾ ಎಂದು ಕೇಳಿದರೆ, ತಡೆಯದೇ ಹೋದರೆ ನನ್ನ ಬಾಯಿಂದ "ಅನ್ನವೇ, ನಿನ್ನ ಋಣ ತೀರಿತು" ಎಂದು ಬರುತ್ತದೆ.

ಪ್ರಾಂಪ್ಟರಿಗೆ ಅತ್ಯಂತ ಹೆಚ್ಚು ಕೆಲಸ ಕೊಡುತ್ತಿದ್ದವರು ಸ್ವತಃ ಡೈರೆಕ್ಟ್ರು. ತಾವೇ ಬರೆದ ಮಾತು ತಮಗೇ ನೆನಪಿರುತ್ತಿರಲಿಲ್ಲ. ಅದೂ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರು, ರೈಲು ಸ್ಟೇಷನ್ನಿನಲ್ಲಿ ನಿಲ್ಲುವ ಹಾಗೆ. ನಾನು ಹೇಳಿಕೊಟ್ಟ ಕೂಡಲೇ ಹೊರಡುತ್ತಿದ್ದರು.

ಅವರಿಗೆ ಒಂದು ಕಾನೂನಿತ್ತು. ವೇಷ ಹಾಕಿದ ಮೇಲೆ ಬಿಚ್ಚುವವರೆಗೆ ಸ್ವಂತ ಜೀವನ ಇಲ್ಲ. ಚಹಾ ಕುಡಿಯುವಾಗಲೂ ಪಾತ್ರ, ಕೈ ತೊಳೆಯುವಾಗಲೂ ಪಾತ್ರ. ಒಂದು ವರ್ಷ ಸತೀಶಣ್ಣನಿಗೆ ಮೂಗನ ಪಾತ್ರ ಕೊಟ್ಟಿದ್ದರು. ಸತೀಶಣ್ಣ ಎಸಿ ಮೆಕ್ಯಾನಿಕ್, ನಮ್ಮ ಫ್ರಿಜ್ಜಿಗಿಂತ ಒಂದು ಗೇಣು ಅಗಲ, ಮನಸ್ಸು ಮಾತ್ರ ಫ್ರಿಜ್ಜಿನೊಳಗಿನ ಬೆಣ್ಣೆ. ರಿಹರ್ಸಲ್ ನಡುವೆ ಅವರ ಸೂಪರ್‌ವೈಸರ್ ಫೋನ್ ಮಾಡಿದ. ಡೈರೆಕ್ಟ್ರು ಎದುರಿಗೇ ನಿಂತಿದ್ದರು. ಸತೀಶಣ್ಣ ಫೋನ್ ಎತ್ತಿ ಹತ್ತು ನಿಮಿಷ ಬ್ಯಾ ಬ್ಯಾ ಎಂದರು. ಮರುದಿನ ಕಂಪನಿಯಿಂದ ವಾರ್ನಿಂಗ್ ಲೆಟರ್ ಬಂತು. ಡೈರೆಕ್ಟ್ರು ಅದನ್ನು ಓದಿ, "ನಿನ್ನ ಜೀವನದಲ್ಲಿ ಸಿಕ್ಕಿದ ಮೊದಲ ವಿಮರ್ಶೆ, ತೆಗ್ದಿಡು," ಎಂದರು.

ಇಷ್ಟೆಲ್ಲ ಜಬರ್ದಸ್ತು ಯಾಕೆಂದು ಒಮ್ಮೆ ಅಮ್ಮ ಕೇಳಿದ್ದಕ್ಕೆ ಅವರು ಅನ್ನಕ್ಕೆ ಬಸಳೆ ಪದಾರ್ಥ ಕಲಸುತ್ತ ಹೇಳಿದ್ದು ನನಗೆ ನೆನಪಿದೆ. "ಊರಲ್ಲಿ ನಮ್ಮ ನಾಟಕದ ಟೀಮಿಗೆ ಹದಿನಾಲ್ಕು ವರ್ಷ ಸ್ಟೇಜ್ ಕಟ್ಟಿದ್ದೇನೆ ಅಕ್ಕಾ. ಪ್ರತಿ ವರ್ಷ ಒಂದು ಪಾರ್ಟು ಕೇಳ್ತಿದ್ದೆ. ನೀನು ಮರದ ಕೆಲ್ಸದವ, ಮೊಳೆ ಹೊಡಿ ಅಂತಿದ್ರು. ಪರದೆ ಎಳಿಲಿಕ್ಕೆ ಸಹ ಕರೀಲಿಲ್ಲ. ಇಲ್ಲಿಗೆ ಬಂದ ಮೇಲೆ ಡೈರೆಕ್ಟರ್ ಆದದ್ದು. ಊರಿಗೆ ಹೋದ ದಿವಸ ಪುನಃ ಮೊಳೆಯೇ." ಹೇಳಿ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಮೀಸೆ ಮಾತ್ರ ಸ್ವಲ್ಪ ಹೊತ್ತು ಕೆಳಗೆ ಬಾಗಿತ್ತು.

ಹೋದ ನವೆಂಬರಿನ ನಾಟಕದಲ್ಲಿ ಅವರು ಇನ್ಸ್‌ಪೆಕ್ಟರ್, ವಿನ್ಸಿ ಅಂಕಲ್ ಮತ್ತು ಸತೀಶಣ್ಣ ಕಾನ್ಸ್‌ಟೇಬಲ್‌ಗಳು. ಆಟದ ಪಿಸ್ತೂಲನ್ನು ಇಲ್ಲಿಗೆ ತರುವುದೂ ಕಷ್ಟ, ಇಲ್ಲಿ ಹುಡುಕುವುದೂ ಕಷ್ಟ. ಡೈರೆಕ್ಟ್ರು ಬಾಗಿಲಿನ ಚೌಕಟ್ಟಿನಿಂದ ಉಳಿದ ತೇಗದ ತುಂಡಿನಲ್ಲಿ ಮೂರು ಪಿಸ್ತೂಲು ಕೆತ್ತಿ, ಸ್ಯಾಂಡ್‌ಪೇಪರ್ ಹಾಕಿ, ಬೂಟ್ ಪಾಲಿಶ್ ಬಳಿದರು. ಎಷ್ಟು ಚೆನ್ನಾಗಿ ಬಂದಿದ್ದವೆಂದರೆ ಅಪ್ಪ ಅವುಗಳ ಎದುರು ನಿಂತು ದೊಡ್ಡ ದನಿಯಲ್ಲಿ ಮಾತಾಡುತ್ತಿರಲಿಲ್ಲ. ಖಾಕಿ ಶರ್ಟುಗಳನ್ನು ಒಬ್ಬ ಟೈಲರನಿಂದ ಹೊಲಿಸಿದ್ದರು.

ಖಾಕಿ ಹಾಕಿಕೊಂಡು ಬೀದಿಗೆ ಇಳಿಯಬಾರದೆಂಬ ಬುದ್ಧಿ ಅವರಿಗೆ ಇತ್ತು. ಅದಕ್ಕೇ ಹೊರಗೆ ಹೋಗಬೇಕಾದರೆ ಮೇಲೊಂದು ಕಾರ್ಖಾನೆಯ ನೀಲಿ ಕವರಾಲ್ ಹಾಕಿ ಕುತ್ತಿಗೆಯವರೆಗೆ ಜಿಪ್ ಎಳೆಯಬೇಕು. ಪಿಸ್ತೂಲು ಮಾತ್ರ ಒಳಗೆ ಸೊಂಟದಲ್ಲೇ ಇರಬೇಕು.

"ಅದನ್ನು ಇಲ್ಲೇ ಇಟ್ಟು ಹೋಗುವ," ಎಂದರು ವಿನ್ಸಿ ಅಂಕಲ್.

"ಇನ್ಸ್‌ಪೆಕ್ಟರ್ ಪಿಸ್ತೂಲು ಮನೆಯಲ್ಲಿ ಇಟ್ಟು ಹೋಗ್ತಾನಾ? ಸೊಂಟಕ್ಕೆ ಅಭ್ಯಾಸ ಆಗ್ಬೇಕು. ಸೊಂಟವೂ ಆ್ಯಕ್ಟಿಂಗ್ ಮಾಡ್ಬೇಕು."

ನಾಟಕಕ್ಕೆ ಆರು ದಿನ ಇರುವಾಗ, ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದು ಅಂಗಡಿಗಳು ಆಗಷ್ಟೇ ಬಾಗಿಲು ತೆಗೆದಿದ್ದವು. ನಮ್ಮ ಮನೆಯಲ್ಲಿ ಚಹಾಪುಡಿ ಮುಗಿದಿತ್ತು. ಮೂವರು ಪೊಲೀಸರೂ ನೀಲಿ ಕವರಾಲಿನೊಳಗೆ ತೂರಿಕೊಂಡು ಹೊರಟರು. ಸರಿಯಾದ ಚಹಾಪುಡಿ ತರಿಸಲು ಅಮ್ಮ ನನ್ನನ್ನು ಜೊತೆಗೆ ಕಳಿಸಿದರು. ಮೂವರೂ ಸೊಂಟದ ಬಳಿ ಉಬ್ಬಿಕೊಂಡು, ಕಾಲು ಅಗಲಿಸಿ ನಡೆಯುತ್ತಿದ್ದದ್ದು ನೋಡಿದರೆ ಒಂದೇ ದಿನ ಮೂವರಿಗೂ ಮೂಲವ್ಯಾಧಿ ಆಪರೇಷನ್ ಆದ ಹಾಗಿತ್ತು.

ಅಂಗಡಿ ಇನ್ನೂರು ಹೆಜ್ಜೆ ದೂರದಲ್ಲಿ. ಅಂಗಡಿಯವರು ಕಾಸರಗೋಡಿನವರು, ಎಲ್ಲರಿಗೂ ಇಕ್ಕ ಅಂದರೆ ಅಣ್ಣ, ಒಂದೇ ವಾಕ್ಯದಲ್ಲಿ ನಾಲ್ಕು ಭಾಷೆ ಆಡುತ್ತಾರೆ. ನಾನು ಹಿಂದಿನ ಸಾಲಿಗೆ, ಅಕ್ಕಿ ಮೂಟೆಗಳ ಪಕ್ಕ ಚಹಾಪುಡಿ ಹುಡುಕಲು ಹೋದೆ. ಸತೀಶಣ್ಣ ಖುಬೂಸ್ ರೊಟ್ಟಿಯ ಕಟ್ಟು ಹಿಡಿದುಕೊಂಡರು. ವಿನ್ಸಿ ಅಂಕಲ್ ಬಿಸ್ಕತ್ತಿನ ತಾರೀಕು ಓದುತ್ತಿದ್ದರು. ಡೈರೆಕ್ಟ್ರು ಕೌಂಟರಿನ ಹತ್ತಿರ ನಿಂತು ಅದರ ಜೋಡಣೆಯಲ್ಲಿ ಏನು ತಪ್ಪಿದೆ ಎಂದು ಬೆರಳಿನಿಂದ ಒತ್ತಿ ನೋಡುತ್ತಿದ್ದರು.

ಆಗ ಕೌಂಟರಿನ ಎದುರಿದ್ದ ಒಬ್ಬ ತೆಳ್ಳಗಿನ ಮನುಷ್ಯ ಇಕ್ಕನ ಕಡೆ ಕೈ ಚಾಚಿದ. ಕೈಯಲ್ಲಿ ರಟ್ಟಿನ ಪೆಟ್ಟಿಗೆ ಕೊಯ್ಯುವ ಬ್ಲೇಡು. ಅದನ್ನೂ ಅದೇ ಅಂಗಡಿಯ ಶೆಲ್ಫಿನಿಂದ ತೆಗೆದದ್ದು, ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಅವನು ಯಾವ ದೇಶದವನೆಂದು ಬರೆಯುವುದಿಲ್ಲ. ಈ ಕತೆಯನ್ನು ಹೇಳುವವರೆಲ್ಲ ತಮಗೆ ಆಗದ ದೇಶದ ಹೆಸರು ಹಾಕಿಕೊಂಡು ಹೇಳುತ್ತಾರೆ, ಅದು ಅವರ ಪಾಡು.

"ಪೈಸಾ ನಿಕಾಲೋ," ಎಂದ ಅವನು.

ಇಕ್ಕ ಇಪ್ಪತ್ತು ವರ್ಷದ ಅಭ್ಯಾಸದಿಂದ, "ಔರ್ ಕುಛ್?" ಎಂದರು. ಬ್ಲೇಡು ಕಂಡದ್ದು ಆಮೇಲೆ. ಮುಖ ಮೈದಾ ಹಿಟ್ಟಾಯಿತು.

ನಾನು ಮೂಟೆಯ ಹಿಂದೆ ಮೊಣಕಾಲೂರಿದೆ. ಮೂಟೆಗಳ ಸಂದಿನಿಂದ ಡೈರೆಕ್ಟ್ರ ಬೆನ್ನು ಕಾಣುತ್ತಿತ್ತು. ಬೆನ್ನು ನೆಟ್ಟಗಾಯಿತು. ಎಡಗಾಲು ಒಂದಡಿ ಮುಂದೆ ಬಂತು. ಅಯ್ಯೋ ದೇವರೇ, ಇವರು ಪಾತ್ರದೊಳಗೆ ಹೋದರು ಎಂದುಕೊಂಡೆ.

ಬಲಗೈ ಜಿಪ್ಪಿಗೆ ಹೋಯಿತು. ಜಿಪ್ ಅರ್ಧಕ್ಕೆ ಬಂದು ನಿಂತಿತು. ಎಳೆದರು, ಬರಲಿಲ್ಲ. ಕಳ್ಳ ತಿರುಗಿ ನೋಡಿದ. ಡೈರೆಕ್ಟ್ರು ಎಡಗೈ ಎತ್ತಿ, "ಏಕ್ ಮಿನಿಟ್," ಎಂದರು. ಆ ಬಡಪಾಯಿ ನಿಜವಾಗಿಯೂ ಕಾದ. ಇನ್ನೊಂದು ಎಳೆತಕ್ಕೆ ಜಿಪ್ ಪರ್ರನೆ ಹರಿದು, ಒಳಗಿನ ಖಾಕಿ, ಪದಕ, ನಾಮಫಲಕ ಎಲ್ಲ ಒಟ್ಟಿಗೇ ಹೊರಗೆ ಬಂದವು. ಪಿಸ್ತೂಲೂ ಬಂತು.

"ನಿಲ್ಲು, ನೀಚ."

ಅದು ಉಳಿದಿಬ್ಬರಿಗೆ ಸಂಕೇತದ ಮಾತು. ಮೂರು ತಿಂಗಳಿಂದ ಆ ಮಾತು ಕೇಳಿದ ಕೂಡಲೇ ಪಿಸ್ತೂಲು ತೆಗೆದವರು, ಅಂಗಡಿ ಎಂದು ಬಿಡುತ್ತಾರೆಯೇ. ಎರಡು ಜಿಪ್ಪುಗಳು ಸರ್ರೆಂದವು. ವಿನ್ಸಿ ಅಂಕಲ್ ಎಡಕ್ಕೆ ಸರಿಯಾಗಿ ಎರಡಡಿ ಮೂರು ಇಂಚಿನಲ್ಲಿ ನಿಂತರು. ಸತೀಶಣ್ಣ ಬಲಕ್ಕೆ, ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದು ಕೈಯಲ್ಲಿ ಖುಬೂಸು.

ಕಳ್ಳ ಕಲ್ಲಾದ. ಡೈರೆಕ್ಟ್ರು ಎದೆಯುಬ್ಬಿಸಿದರು.

"ಈ ಖಾಕಿಯ ಗುಂಡಿಗಳ ಹಿಂದೆ..."

ನಿಂತಿತು. ಅದೇ ಸ್ಟೇಷನ್. ಒಂದು ಸೆಕೆಂಡು, ಎರಡು ಸೆಕೆಂಡು. ಫ್ರಿಜ್ಜಿನ ಮೋಟಾರು ಗುಂಯ್ ಎನ್ನುತ್ತಿತ್ತು. ಡೈರೆಕ್ಟ್ರ ಕಣ್ಣು ಮಾತ್ರ ಮೆಲ್ಲನೆ ಅಕ್ಕಿ ಮೂಟೆಗಳ ಕಡೆಗೆ ತಿರುಗಿತು. ನಾನು ತಲೆಯನ್ನು ಇನ್ನಷ್ಟು ಕೆಳಗೆ ತಗ್ಗಿಸಿದೆ. ಆದರೆ ಬಾಯಿ ಪ್ರಾಂಪ್ಟರಿನದು.

"ಒಬ್ಬ ತಾಯಿಯ ಕಣ್ಣೀರಿದೆ," ಎಂದೆ ಮೂಟೆಯ ಹಿಂದಿನಿಂದ.

"ಒಬ್ಬ ತಾಯಿಯ ಕಣ್ಣೀರಿದೆ," ಎಂದು ಗುಡುಗಿದರು ಅವರು.

"ಆ ಕಣ್ಣೀರಿಗೆ ಇಂದು ನೀನು ಉತ್ತರ ಕೊಡಲೇಬೇಕು."

"ಆ ಕಣ್ಣೀರಿಗೆ ಇಂದು ನೀನು ಉತ್ತರ ಕೊಡಲೇಬೇಕು."

ಕಳ್ಳನಿಗೆ ಕನ್ನಡ ಬಾರದು. ಅವನಿಗೆ ಕಂಡದ್ದು ಇಷ್ಟು: ಎದುರಿಗೆ ಮೂರು ಪಿಸ್ತೂಲು, ಇವರಿಗೆ ಏನು ಮಾಡಬೇಕೆಂದು ಆಜ್ಞೆ ಕೊಡುವ ದೊಡ್ಡ ಅಧಿಕಾರಿ ಅಕ್ಕಿ ಮೂಟೆಯ ಹಿಂದೆ. ಅಲ್ಲಿ ಇನ್ನೆಷ್ಟು ಪಿಸ್ತೂಲು ಇವೆಯೋ ಎಂದು ಲೆಕ್ಕ ಹಾಕಿರಬೇಕು. ಬ್ಲೇಡನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟು, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನೆಲದಲ್ಲಿ ಕುಳಿತ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಾಟಕದಲ್ಲಿ ಈ ಜಾಗದಲ್ಲಿ ಕಳ್ಳನಿಗೆ ಪಶ್ಚಾತ್ತಾಪದ ಮಾತಿದೆ. ಡೈರೆಕ್ಟ್ರು ಅದಕ್ಕಾಗಿ ಕಾದರು. ಕಳ್ಳ ಸುಮ್ಮನೆ ಕುಳಿತಿದ್ದ. ಡೈರೆಕ್ಟ್ರು ತುಟಿಯ ಕೊನೆಯಿಂದ, "ಮಾತಾಡು ಮಾರಾಯ," ಎಂದರು. ಪ್ರಾಂಪ್ಟರಿಗೆ ಇವನ ಪಾತ್ರ ಅವನ ಪಾತ್ರ ಎಂಬ ಭೇದವಿಲ್ಲ. "ಅಯ್ಯೋ, ನಾನು ಹಾಳಾದೆ," ಎಂದು ಅವನ ಮಾತನ್ನೂ ಹೇಳಿಕೊಟ್ಟೆ. ಮೂಟೆ ಮತ್ತೊಮ್ಮೆ ಮಾತಾಡಿದ್ದು ಕೇಳಿ ಅವನು ಹೋ ಎಂದು ಅಳತೊಡಗಿದ.

ಅಳು ನಾಟಕದ್ದಲ್ಲ ಎಂದು ಮೊದಲು ಗೊತ್ತಾದದ್ದು ಡೈರೆಕ್ಟ್ರಿಗೆ. ಪಿಸ್ತೂಲನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಕಡೆ ತಿರುಗಿ, "ಬ್ರೇಕ್," ಎಂದರು. ನಾನು ಕಂಡ ಹಾಗೆ ವೇಷದಲ್ಲಿದ್ದು ಅವರು ಪಾತ್ರ ಬಿಟ್ಟದ್ದು ಅದೊಂದೇ ಸಲ. ಫ್ರಿಜ್ಜಿನಿಂದ ಲಬನ್ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ ಅವನ ಕೈಗಿತ್ತರು. ಮಜ್ಜಿಗೆಯಂಥ ಆ ಲಬನ್ನನ್ನು ಅವನು ಒಂದೇ ಗುಟುಕಿಗೆ ಕುಡಿದ. ಊಟ ಮಾಡಿದ್ದೀಯಾ ಎಂದು ಹಿಂದಿಯಲ್ಲಿ ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ. ಸತೀಶಣ್ಣ ಖುಬೂಸಿನ ಕಟ್ಟು ಬಿಚ್ಚಿ ಒಂದು ಕೊಟ್ಟರು. ತಿಂದಾದ ಮೇಲೆ ಡೈರೆಕ್ಟ್ರು ಮೀಸೆ ತಿರುವಿ, "ಹ್ಞಾಂ, ಈಗ ಕೈ ಮೇಲೆ," ಎಂದರು.

ಅಷ್ಟರಲ್ಲಿ ಇಕ್ಕ ಫೋನ್ ಮಾಡಿ ಮುಗಿಸಿದ್ದರು. "ಪೊಲೀಸ್ ಐದು ನಿಮಿಷದಲ್ಲಿ ಬರ್ತಾರೆ."

"ಬರ್ಲಿ," ಎಂದರು ಡೈರೆಕ್ಟ್ರು ಗತ್ತಿನಿಂದ.

ವಿನ್ಸಿ ಅಂಕಲ್ ತಮ್ಮ ಶರ್ಟನ್ನು ನೋಡಿಕೊಂಡರು. ಆಮೇಲೆ ಸತೀಶಣ್ಣನ ಶರ್ಟನ್ನು ನೋಡಿದರು. "ಡೈರೆಕ್ಟ್ರೇ, ಪೊಲೀಸ್ ಬರ್ತಾರೆ."

"ಬರ್ಲಿ ಅಂದೆನಲ್ಲ."

"ಬಂದ್ರೆ ನಾವು ಯಾರು?"

ಫ್ರಿಜ್ಜಿನ ಮೋಟಾರು ಕೂಡ ನಿಂತಿತು. ಮೂವರೂ ಒಟ್ಟಿಗೆ ಜಿಪ್ ಎಳೆಯಲು ಹೊರಟರು. ಡೈರೆಕ್ಟ್ರದು ಹರಿದಿತ್ತು, ಅದು ಮುಚ್ಚುವ ಜಾತಿಯೇ ಅಲ್ಲ. ವಿನ್ಸಿ ಅಂಕಲ್ ಮೇಲೆ ತೋರಿಸಿದರು. ಮೂಲೆಯಲ್ಲಿ ಕ್ಯಾಮೆರಾ ಕೆಂಪು ಕಣ್ಣು ಬಿಟ್ಟುಕೊಂಡು ಎಲ್ಲವನ್ನೂ ನೋಡಿತ್ತು. ಪೊಲೀಸ್ ಬಟ್ಟೆ, ಪಿಸ್ತೂಲಿನಂಥದ್ದು, ಸಾರ್ವಜನಿಕ ಜಾಗ. ಇಂಥದಕ್ಕೆ ಈ ಊರಿನಲ್ಲಿ ತಮಾಷೆ ಎಂಬ ವಿಭಾಗ ಇಲ್ಲವೆಂದು ಒಂಬತ್ತನೇ ಕ್ಲಾಸಿನ ಮಕ್ಕಳಿಗೂ ಗೊತ್ತು.

"ಊರಿಗೆ ಕಳಿಸ್ತಾರೆ," ಎಂದರು ಸತೀಶಣ್ಣ ಸಣ್ಣ ದನಿಯಲ್ಲಿ.

ಡೈರೆಕ್ಟ್ರು ಇಬ್ಬರ ಕೈಯಿಂದ ಪಿಸ್ತೂಲು ತೆಗೆದುಕೊಂಡು, ಮೂರನ್ನೂ ತಮ್ಮ ಸೊಂಟಕ್ಕೆ ಸಿಕ್ಕಿಸಿದರು.

"ಇದು ಮಾಡಿದ್ದು ನಾನು, ಶರ್ಟು ಹೊಲಿಸಿದ್ದು ನಾನು, ಹಾಕ್ಲಿಕ್ಕೆ ಹೇಳಿದ್ದು ನಾನು. ನೀವು ಚಹಾಪುಡಿಗೆ ಬಂದವರು. ಪಾಪ್ಪುವನ್ನು ಕರ್ಕೊಂಡು ಹೋಗಿ. ಯಲ್ಲಾ, ಹೊರಡಿ."

ಪಾಪ್ಪು ಎಂದರೆ ನಾನು. ಆ ಹೆಸರನ್ನು ಬರೆಯಬೇಕಾಗಿ ಬಂದದ್ದೇ ಈ ಲೇಖನದ ದೊಡ್ಡ ತ್ಯಾಗ.

"ನಿಮ್ಮನ್ನು ಬಿಟ್ಟು?" ಎಂದರು ವಿನ್ಸಿ ಅಂಕಲ್.

"ನನಗೆ ಇನ್ನು ಒಂದು ವರ್ಷ ಉಂಟು ಅಷ್ಟೆ. ಒಂದು ವರ್ಷ ಮೊದಲು ಮೊಳೆ ಹೊಡಿಲಿಕ್ಕೆ ಹೋಗ್ತೇನೆ. ನಿಮಗೆ ಮಕ್ಕಳ ಶಾಲೆ ಉಂಟು."

ಯಾರೂ ಹೋಗಲಿಲ್ಲ. ವಿನ್ಸಿ ಅಂಕಲ್ ಹೋಗದ್ದಕ್ಕೆ, ತಾನು ಅಲ್ಲಿರಲಿಲ್ಲ ಎಂದು ಸುಳ್ಳು ಸಹಿ ಹಾಕಲು ಬರುವುದಿಲ್ಲ ಎಂಬ ಕಾರಣ ಕೊಟ್ಟರು. ಸತೀಶಣ್ಣ ಕಾರಣವನ್ನೇ ಕೊಡಲಿಲ್ಲ, ಖುಬೂಸಿನ ಕಟ್ಟು ಹಿಡಿದುಕೊಂಡು ಅಲ್ಲೇ ನಿಂತರು.

ನಿಜವಾದ ಪೊಲೀಸರು ಬಂದಾಗ ಅವರಿಗೆ ಯಾರನ್ನು ಹಿಡಿಯಬೇಕೆಂದು ತಿಳಿಯಲಿಲ್ಲ. ಡೈರೆಕ್ಟ್ರು ಎರಡೂ ಕೈ ಮೇಲೆತ್ತಿ, ಗದ್ದದಿಂದ ಸೊಂಟ ತೋರಿಸಿದರು. ಒಬ್ಬರು ಒಂದು ಪಿಸ್ತೂಲನ್ನು ಎರಡು ಬೆರಳಲ್ಲಿ ಎತ್ತಿದರು. ಬೆರಳು ಕಪ್ಪಾಯಿತು. ಮೂಸಿ ನೋಡಿ ತಮ್ಮ ಬೂಟನ್ನು ನೋಡಿಕೊಂಡರು. ಆಮೇಲೆ ಕಳ್ಳ, ಪೊಲೀಸರು, ಇಕ್ಕ, ಪ್ರಾಂಪ್ಟರ್, ಎಲ್ಲರಿಗೂ ಠಾಣೆಯ ದಾರಿ.

ಠಾಣೆಯಲ್ಲಿ ನಮಗೆಲ್ಲ ಒಂದೇ ಬೆಂಚು. ಆ ತುದಿಯಲ್ಲಿ ಬೇಡಿ ಹಾಕಿಕೊಂಡ ಕಳ್ಳ, ಈ ತುದಿಯಲ್ಲಿ ಓಡಿಬಂದ ಅಪ್ಪ. ನಡುವೆ ನಾವು. ಎದುರಿನ ಮೇಜಿನಲ್ಲಿ ಕನ್ನಡಕದ ಒಬ್ಬ ಯುವ ಅಧಿಕಾರಿ. ಅವರ ಪಕ್ಕ ಉರ್ದು ಬಲ್ಲ ಹಿರಿಯ ಪೊಲೀಸರೊಬ್ಬರು ದುಭಾಷಿ. ಡೈರೆಕ್ಟ್ರು ಎದ್ದು ನಿಂತು, ತಪ್ಪೆಲ್ಲ ತನ್ನದು, ಇದು ನಾಟಕ, ಮರದ್ದು, ನಾನೇ ಮಾಡಿದ್ದು ಎಂದು ಹೇಳಿದರು. ಅಧಿಕಾರಿ ಅವರ ಐಡಿ ಕಾರ್ಡು ತಿರುಗಿಸಿ ನೋಡಿದರು. ವಿಷಯ ಚಿಕ್ಕದಲ್ಲ, ಕಾಗದ ಮೇಲಕ್ಕೆ ಹೋದರೆ ಈತ ಊರಿಗೆ ಹೋಗಬೇಕಾದೀತು ಎಂದರು. ದುಭಾಷಿ ಅದನ್ನು ಮೆಲ್ಲಗೆ ಹೇಳಿದರು. ಮೀಸೆ ಪೂರ್ತಿ ಕೆಳಗೆ ಇಳಿಯಿತು.

ಆಮೇಲೆ ಅಧಿಕಾರಿ ಕುರ್ಚಿಗೆ ಒರಗಿದರು. ನಾಟಕವಾದರೆ ಮಾಡಿ ತೋರಿಸಲಿ ಎಂದರು.

ಹತ್ತು ಸೆಕೆಂಡು ಡೈರೆಕ್ಟ್ರಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರು ಮಾಡಿದ ಮೊದಲ ಕೆಲಸವೆಂದರೆ, ಜೇಬಿನಿಂದ ಟೇಪು ತೆಗೆದು ಅಧಿಕಾರಿಯ ಮೇಜಿನಿಂದ ಬೆಂಚಿನವರೆಗೆ ಅಳೆದದ್ದು.

"ಸಾಬ್, ಟೇಬಲ್ ಥೋಡಾ ಪೀಛೆ," ಎಂದರು.

ಅಪ್ಪ ಕಣ್ಣು ಮುಚ್ಚಿಕೊಂಡರು. ದುಭಾಷಿ ಅಧಿಕಾರಿಯನ್ನು ನೋಡಿದರು. ಅಧಿಕಾರಿ ಎದ್ದು ಮೇಜನ್ನು ಹಿಂದಕ್ಕೆ ತಳ್ಳಿದರು. ಹೌದು, ತಾವೇ ತಳ್ಳಿದರು. ವಿನ್ಸಿ ಅಂಕಲ್ ಎರಡಡಿ ಮೂರು ಇಂಚಿನಲ್ಲಿ ನಿಂತರು, ಸತೀಶಣ್ಣ ಬಲಕ್ಕೆ. ಪಿಸ್ತೂಲು ಸಾಕ್ಷಿಯ ಚೀಲದಲ್ಲಿದ್ದದ್ದರಿಂದ ಮೂವರೂ ಬೆರಳು ಚಾಚಿದರು.

"ನಿಲ್ಲು, ನೀಚ. ಈ ಖಾಕಿಯ ಗುಂಡಿಗಳ ಹಿಂದೆ..."

ಪುನಃ ನಿಂತಿತು. ನನ್ನ ಮುಂದೆ ಮೂಟೆ ಇರಲಿಲ್ಲ. ಅಪ್ಪನ ಬೆನ್ನಿನ ಹಿಂದೆ ಸರಿದು, "ಒಬ್ಬ ತಾಯಿಯ ಕಣ್ಣೀರಿದೆ," ಎಂದೆ.

ಆ ಮಾತು ಕೇಳಿದ್ದೇ ತಡ, ಬೆಂಚಿನ ತುದಿಯಲ್ಲಿ ತೂಕಡಿಸುತ್ತಿದ್ದ ಕಳ್ಳ ಬೆಚ್ಚಿಬಿದ್ದು, ಬೇಡಿ ಹಾಕಿದ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡು ನೆಲದಲ್ಲಿ ಕುಳಿತ.

ಮೊದಲು ನಕ್ಕದ್ದು ದುಭಾಷಿ. ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮುಖ ಮುಚ್ಚಿಕೊಂಡು ನಕ್ಕರು. ಕೊನೆಗೆ ಕಳ್ಳನೂ ನಕ್ಕ. ನಗದೆ ನಿಂತಿದ್ದವರು ಡೈರೆಕ್ಟ್ರೊಬ್ಬರೇ. ದೃಶ್ಯ ಗಂಭೀರದ್ದು.

ನಗು ಮುಗಿದ ಮೇಲೆ ಅಧಿಕಾರಿ ಮತ್ತೆ ಅಧಿಕಾರಿಯಾದರು. ಪಿಸ್ತೂಲು, ಖಾಕಿ ಎಲ್ಲ ಇಲ್ಲೇ ಇರುತ್ತದೆ. ಇನ್ನು ಮುಂದೆ ಇಂಥದ್ದು ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ಕಾಗದ ಮೇಲಕ್ಕೆ ಹೋಗುವುದಿಲ್ಲ ಎಂದರು. ಕೈಮುಗಿದು ಹೊರಡಬೇಕಾದ ಹೊತ್ತಿನಲ್ಲಿ ಡೈರೆಕ್ಟ್ರು ಕೇಳಿದ್ದು ಇದು: ಗುರುವಾರ ನಾಟಕ ಇದೆ, ಪಿಸ್ತೂಲು ಇಲ್ಲದೆ ಕಳ್ಳ ಶರಣಾಗುವುದು ಹೇಗೆ? ವಿನ್ಸಿ ಅಂಕಲ್ ಅವರ ಕವರಾಲಿನ ಬೆನ್ನನ್ನು ಹಿಡಿದು ಎಳೆದರು. ಮೂಲೆಯಿಂದ ಇಕ್ಕ ಹೇಳಿದರು, "ಬಲದಿಯಾ ಇನ್ಸ್‌ಪೆಕ್ಟರ್ ಮಾಡಿ ಡೈರೆಕ್ಟ್ರೇ. ಅವರು ಥರ್ಮಾಮೀಟರ್ ತೆಗ್ದು ಫ್ರಿಜ್ಜು ನೋಡಿದ್ರೆ ಸಾಕು, ನಾನೇ ಕೈ ಎತ್ತುತ್ತೇನೆ." ಬಲದಿಯಾ ಎಂದರೆ ಇಲ್ಲಿಯ ಮುನಿಸಿಪಾಲಿಟಿ. ಗುರುವಾರ ಹಾಗೆಯೇ ಆಡಿದೆವು. ಹೋಟೆಲು, ಅಂಗಡಿ ಇಟ್ಟವರೇ ತುಂಬಿದ್ದ ಸಭೆಯಲ್ಲಿ ಡೈರೆಕ್ಟ್ರು ಸೊಂಟದಿಂದ ಥರ್ಮಾಮೀಟರ್ ಎಳೆದಾಗ ಬಿದ್ದ ಚಪ್ಪಾಳೆಗೆ ಎಸಿಯ ನಾಲ್ಕು ತಗಡು ಸಡಿಲವಾದವು. ಕಳ್ಳನ ಗತಿ ಏನಾಯಿತು ಎಂದು ಡೈರೆಕ್ಟ್ರು ಎರಡು ಸಲ ಠಾಣೆಗೆ ಹೋಗಿ ಕೇಳಿದರು. ಎರಡು ಸಲವೂ ನಿನ್ನ ನಾಟಕ ನೋಡಿಕೋ ಎಂದು ಕಳಿಸಿದರು.

ಮುಚ್ಚಳಿಕೆಯ ವಿಷಯ ಹೇಳದಿದ್ದರೆ ಈ ಚಿತ್ರ ಪೂರ್ತಿಯಾಗುವುದಿಲ್ಲ. ಅಧಿಕಾರಿ ಅರಬ್ಬಿಯಲ್ಲಿ ಬರೆಸಿದರು. ಸಹಿಗೆ ಮೊದಲು ದುಭಾಷಿ ಓದಿ ಹೇಳುತ್ತಿದ್ದರು. ಹೆಸರು ಇಂಥದು, ದೇಶ ಇಂಥದು, ಉದ್ಯೋಗ ಮುಖ್ರಿಜ್. ಡೈರೆಕ್ಟ್ರು ತಡೆದರು. ಮುಖ್ರಿಜ್ ಎಂದರೆ ಏನು?

"ಡೈರೆಕ್ಟರ್. ನಾಟಕದ," ಎಂದರು ದುಭಾಷಿ ಉರ್ದುವಿನಲ್ಲಿ.

"ಕಾರ್ಡಿನಲ್ಲಿ ಬಡಗಿ ಅಂತ ಉಂಟು ಸಾಬ್," ಎಂದು ಪ್ರಾಮಾಣಿಕವಾಗಿ ಹೇಳಿದರು ಡೈರೆಕ್ಟ್ರು.

ದುಭಾಷಿ ಕೇಳಿದರು. ಅಧಿಕಾರಿ ತಲೆ ಎತ್ತದೆ ಉತ್ತರ ಕೊಟ್ಟರು. ಬಾಗಿಲು ಮಾಡಿದ್ದಕ್ಕೆ ಅವನನ್ನು ಇಲ್ಲಿಗೆ ತಂದದ್ದಲ್ಲವಲ್ಲ.

ಡೈರೆಕ್ಟ್ರು ಸಹಿ ಹಾಕಲು ಬಹಳ ಹೊತ್ತು ತೆಗೆದುಕೊಂಡರು. ಹಾಕಿ, ಒಂದು ಕಾಪಿ ಸಿಗಬಹುದೇ ಎಂದು ಕೇಳಿದರು.

ಆ ಕಾಪಿಗೆ ಲ್ಯಾಮಿನೇಷನ್ ಮಾಡಿಸಿದರು. ಕಾರ್ಕಳದ ಹತ್ತಿರದ ತಮ್ಮ ಊರಿಗೆ ಹೋದ ಮೂರನೇ ದಿನ ತೇಗದ ಚೌಕಟ್ಟು ಕಟ್ಟಿ ಜಗಲಿಯಲ್ಲಿ ನೇತುಹಾಕಿ ಫೋಟೋ ಕಳಿಸಿದರು. ಊರಿನಲ್ಲಿ ಯಾರಿಗೂ ಅರಬ್ಬಿ ಬಾರದು. ಮೊಹರು ದೊಡ್ಡದಿದೆ. ಯಾರೋ ಅದನ್ನು ಖತಾರ್ ಸರ್ಕಾರ ಕೊಟ್ಟ ಬಿರುದು ಎಂದರಂತೆ. ಡೈರೆಕ್ಟ್ರು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ, "ಮುಖ್ರಿಜ್" ಎಂಬ ಪದದ ಮೇಲೆ ಬೆರಳಿಟ್ಟು ಅರ್ಥ ಮಾತ್ರ ಹೇಳಿದರಂತೆ. ಹೋದ ಭಾನುವಾರ ಆ ಹಳೆಯ ನಾಟಕದ ಟೀಮಿನವರು ಮನೆಗೆ ಬಂದು, ಈ ವರ್ಷ ನೀವೇ ಆಡಿಸಿ ಎಂದು ಕೇಳಿಕೊಂಡು ಹೋದರು. ಇನ್ಸ್‌ಪೆಕ್ಟರ್ ನಾಟಕವೇ ಬೇಕಂತೆ, ಪಿಸ್ತೂಲು ಸಮೇತ.

ಅದೇ ರಾತ್ರಿ ನನಗೆ ವಾಯ್ಸ್ ಮೆಸೇಜ್ ಬಂತು. ಗುಟ್ಟು ಹೇಳುವ ದನಿ, ಫೋನನ್ನು ಕಿವಿಯಿಂದ ಒಂದು ಮಾರು ದೂರ ಹಿಡಿದು ಕೇಳಿದೆ.

"ಪಾಪ್ಪು, ಅಲ್ಲಿ ಅರಬ್ಬಿ ಓದ್ಲಿಕ್ಕೆ ಬರುವವರು ಯಾರನ್ನಾದ್ರೂ ಮೆಲ್ಲ ಕೇಳಿ ನೋಡು. ಆ ಮುಚ್ಚಳಿಕೆ ಕಾರ್ಕಳ ತಾಲೂಕಿಗೆ ಸಹ ಲಾಗೂ ಆಗ್ತದಾ?"